ದೊಡ್ಡ ಪ್ರಾಣಿಗಳು ಸೆಕೆ ಹೇಗೆ ತಡೆಯುತ್ತವೆ? ಮುಂದೆಯೂ ತಡೆಯುತ್ತವಾ?

ಹುಲ್ಲುಗಾವಲು:
ದೊಡ್ಡ ಪ್ರಾಣಿಗಳಿಗೆ ಬಿಸಿಲು ಜಾಸ್ತಿ ಕಷ್ಟ ಅಂತ ಓದುತ್ತಲೇ ಇರುತ್ತೇನೆ. ಮೈ ದೊಡ್ಡದು, ಆ ಮೈಗೆ ಹೋಲಿಸಿದರೆ ಚರ್ಮದ ಹರವು ಕಡಿಮೆ, ಹಾಗಾಗಿ ಒಳಗಿನ ಕಾವು ಹೊರಗೆ ಹೋಗಲು ಜಾಗ ಸಾಲದು ಅನ್ನುವ ಲೆಕ್ಕ. ಆದರೆ ಆನೆ, ಒಂಟೆ, ಜಿರಾಫೆ, ಘೇಂಡಾಮೃಗ ಎಲ್ಲ ಬದುಕುತ್ತಿರುವುದು ಸುಡುವ ನಾಡುಗಳಲ್ಲೇ ಅಲ್ವಾ? ಹಾಗಾದರೆ ಈ ಲೆಕ್ಕ ಎಲ್ಲಿ ಎಡವುತ್ತದೆ?

ಇನ್ನೊಂದು ಪ್ರಶ್ನೆ. ಭೂಮಿ ಹೀಗೇ ಬಿಸಿಯಾಗುತ್ತಾ ಹೋದರೆ ಇವು ಹೊಂದಿಕೊಳ್ಳುತ್ತವಾ? "ಪ್ರಕೃತಿ ನೋಡಿಕೊಳ್ಳುತ್ತದೆ" ಅನ್ನುವ ಉತ್ತರ ಮಾತ್ರ ದಯವಿಟ್ಟು ಬೇಡ.

ಬಿಸಿಲ್ಗುದುರೆ:
ಲೆಕ್ಕ ಸರಿಯಿದೆ, ಆದರೆ ಅರ್ಧ ಮಾತ್ರ. ಕಾವು ಹೊರಗೆ ಹೋಗಲು ಜಾಗ ಕಡಿಮೆ ಅಂದರೆ ಒಳಗೆ ಬರಲೂ ಜಾಗ ಕಡಿಮೆ. ಚೊಂಬಿನ ನೀರು ಬೇಗ ಕಾಯುತ್ತದೆ, ಹಂಡೆ ನೀರಿಗೆ ಹೊತ್ತು ಬೇಕು. ಒಂಟೆ ಈ ನಿಧಾನವನ್ನೇ ಬಂಡವಾಳ ಮಾಡಿಕೊಂಡಿದೆ.

1950ರ ದಶಕದಲ್ಲಿ ಪ್ರಾಣಿಗಳ ಶರೀರಶಾಸ್ತ್ರಜ್ಞ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ಸಹಾರಾದಲ್ಲಿ ಒಂಟೆಗಳ ಮೈಕಾವು ಅಳೆದರು. ದಿನವೂ ನೀರು ಸಿಗುತ್ತಿದ್ದ ಒಂಟೆಯ ಮೈಕಾವು ಸುಮಾರು 2 ಡಿಗ್ರಿ ಏರಿಳಿಯುತ್ತಿತ್ತು, ಅಷ್ಟೆ. ನೀರು ಸಿಗದ ಒಂಟೆಯದು ಬೆಳಗಿನ ಜಾವ 34 ಡಿಗ್ರಿಯ ಹತ್ತಿರಕ್ಕೆ ಇಳಿದು, ಸಂಜೆ ಹೊತ್ತಿಗೆ 40 ದಾಟುತ್ತಿತ್ತು. ನಮಗೆ ಅಷ್ಟು ಏರಿದರೆ ಹಾಸಿಗೆ ಹಿಡಿಯುತ್ತೇವೆ. ಒಂಟೆ ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಹಗಲಿನ ಕಾವನ್ನು ಬೆವರಿ ಕಳೆಯುವ ಬದಲು ಅದು ಮೈಯಲ್ಲೇ ತುಂಬಿಟ್ಟುಕೊಳ್ಳುತ್ತದೆ. ರಾತ್ರಿ ಗಾಳಿ ತಣ್ಣಗಾದಾಗ ಆ ಕಾವು ತಾನಾಗಿ ಹೊರಗೆ ಹೋಗುತ್ತದೆ. ಅದಕ್ಕೆ ಒಂದು ಹನಿ ನೀರೂ ಖರ್ಚಿಲ್ಲ. 500 ಕಿಲೋ ತೂಗುವ ಒಂಟೆ ಹೀಗೆ 6 ಡಿಗ್ರಿ ಏರಲು ಬಿಟ್ಟರೆ ಉಳಿಯುವ ನೀರು 4ರಿಂದ 5 ಲೀಟರ್.

ಇದೆಲ್ಲ ನಡೆಯುವುದು ರಾತ್ರಿ ತಣ್ಣಗಿದ್ದರೆ ಮಾತ್ರ. ಅದಕ್ಕೇ ನಾನು ಮಧ್ಯಾಹ್ನ ಎಷ್ಟು ಡಿಗ್ರಿ ಇತ್ತು ಅಂತ ಕೇಳುವ ಮೊದಲು ನೀರು ಎಷ್ಟು ದೂರ, ರಾತ್ರಿ ಹೇಗಿತ್ತು ಅಂತ ಕೇಳುತ್ತೇನೆ.

ಹೊಸಬ:
ಒಂಟೆ ಡುಬ್ಬದಲ್ಲಿ ನೀರು ಇಟ್ಟುಕೊಳ್ಳುತ್ತದೆ ಅಂತ ಕೇಳಿದ್ದೆ. ಅದು ಸುಳ್ಳಾ?

ಬಿಸಿಲ್ಗುದುರೆ:
ಡುಬ್ಬ ಪೂರಾ ಕೊಬ್ಬು. ಕೊಬ್ಬೆಲ್ಲ ಬೆನ್ನ ಮೇಲೆ ಒಂದೇ ಕಡೆ ಗುಡ್ಡೆಯಾಗಿರುವುದರಿಂದ ಉಳಿದ ಮೈಗೆ ಅದರ ಹೊದಿಕೆ ಇಲ್ಲ, ಕಾವು ಸಲೀಸಾಗಿ ಹೊರಗೆ ಹೋಗುತ್ತದೆ. ನೀರಿನ ಜಾಣತನ ಬೇರೆ ಕಡೆ ಇದೆ. ಮೈತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ನಿಂತಿರುತ್ತದೆ. ನೀರು ಸಿಕ್ಕಾಗ ಹತ್ತೇ ನಿಮಿಷದಲ್ಲಿ 100 ಲೀಟರ್ ಎಳೆಯಬಲ್ಲದು. ಅಷ್ಟು ನೀರು ಒಮ್ಮೆಗೇ ರಕ್ತಕ್ಕೆ ಇಳಿದರೆ ಬೇರೆ ಪ್ರಾಣಿಗಳ ಕೆಂಪು ರಕ್ತಕಣ ಉಬ್ಬಿ ಒಡೆದುಹೋಗುತ್ತವೆ. ಒಂಟೆಯ ರಕ್ತಕಣ ಮೊಟ್ಟೆಯಾಕಾರದವು, ಎರಡು ಪಟ್ಟು ಉಬ್ಬಿದರೂ ತಡೆಯುತ್ತವೆ.

ಅದರ ಉಣ್ಣೆಯನ್ನೂ ಕಡೆಗಣಿಸಬೇಡಿ. ಬೋಳಿಸಿ ನೋಡಿದಾಗ ಒಂಟೆ ಕಳೆದುಕೊಂಡ ನೀರು ಒಂದೂವರೆ ಪಟ್ಟು ಆಯಿತು. ಸೆಕೆಯ ನಾಡಲ್ಲಿ ಇಷ್ಟು ದಪ್ಪ ತುಪ್ಪಳ ಯಾಕೆ ಅನ್ನುವವರಿಗೆ ಉತ್ತರ ಇದೇ.

ಕಾಡಂಚು:
ಆನೆ ಈ ಆಟ ಆಡುವುದಿಲ್ಲ. ಅದಕ್ಕೆ ನೀರು ಬೇಕೇ ಬೇಕು. ಕಾಲುಗುರುಗಳ ಸುತ್ತ ಬಿಟ್ಟರೆ ಆನೆಗೆ ಬೆವರು ಗ್ರಂಥಿಗಳಿಲ್ಲ, ಆದರೆ ಚರ್ಮದ ಮೂಲಕ ನೀರು ಆವಿಯಾಗುತ್ತಲೇ ಇರುತ್ತದೆ. ಮೃಗಾಲಯವೊಂದರ ಆಫ್ರಿಕಾ ಆನೆಗಳ ಬಗ್ಗೆ 2020ರಲ್ಲಿ ಬಂದ ಅಧ್ಯಯನದಲ್ಲಿ, ಬರೀ 24 ಡಿಗ್ರಿಯಲ್ಲೇ ಗಂಡಾನೆಗಳು ದಿನಕ್ಕೆ 400 ಲೀಟರ್‌ಗೂ ಜಾಸ್ತಿ ನೀರು ಕಳೆದುಕೊಳ್ಳುತ್ತಿದ್ದವು. 24 ಡಿಗ್ರಿ ಅಂದರೆ ಸೆಕೆಯೇ ಅಲ್ಲ. ಇನ್ನು 40ರಲ್ಲಿ ಏನಾಗಬಹುದು ಯೋಚಿಸಿ.

ಆಫ್ರಿಕಾ ಆನೆಯ ಚರ್ಮವನ್ನು ಹತ್ತಿರದಿಂದ ನೋಡಿದರೆ ಸುಕ್ಕುಗಳ ಒಳಗೆ ಇನ್ನೂ ಸಣ್ಣ ಬಿರುಕುಗಳ ಬಲೆ ಕಾಣುತ್ತದೆ. ಒಣಗಿದ ಕೆರೆಯ ತಳ ಬಿರಿದಂತೆ ಕಾಣುವುದು ನಿಜ, ಆದರೆ ಆಗುವ ಬಗೆ ಬೇರೆ. ಆನೆಯ ಹೊರಚರ್ಮ ನಮ್ಮದರಂತೆ ಉದುರುವುದಿಲ್ಲ, ಪದರದ ಮೇಲೆ ಪದರ ಕೂರುತ್ತದೆ. ಅದರ ಕೆಳಗೆ ಸಣ್ಣ ಸಣ್ಣ ಉಬ್ಬುಗಳಿವೆ. ಪದರ ದಪ್ಪವಾದಂತೆ ಉಬ್ಬುಗಳ ನಡುವಿನ ತಗ್ಗಿನಲ್ಲಿ ಬಾಗಿ ಬಾಗಿ ಬಿರಿಯುತ್ತದೆ. 2018ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಈ ಬಿರುಕುಗಳಿರುವ ಚರ್ಮ ನುಣುಪು ಚರ್ಮಕ್ಕಿಂತ 5ರಿಂದ 10 ಪಟ್ಟು ನೀರು ಹಿಡಿದಿಡುತ್ತದೆ. ಕೆಸರೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಆನೆ ಕೆಸರಲ್ಲಿ ಹೊರಳಿ ಎದ್ದ ಮೇಲೆ ಬಹಳ ಹೊತ್ತು ಮೈ ತಂಪಾಗಿರುವುದು ಹೀಗೆ.

ಕಿವಿಯ ವಿಷಯ ಎಲ್ಲರಿಗೂ ಗೊತ್ತು, ಹಾಗಾಗಿ ಒಂದೇ ಮಾತು: ತೆಳು ಚರ್ಮ, ಒಳಗೆ ರಕ್ತನಾಳಗಳ ಜಾಲ, ಬೀಸಿದಾಗ ರಕ್ತ ತಣ್ಣಗಾಗಿ ವಾಪಸ್ ಮೈಗೆ. ಆದರೆ ಗಾಳಿಯೇ ಮೈಗಿಂತ ಬಿಸಿಯಾದ ದಿನ ಒಣ ಕಿವಿ ಬೀಸಿ ಪ್ರಯೋಜನವಿಲ್ಲ. ಆಗ ಉಳಿಯುವುದು ನೀರು, ಕೆಸರು, ನೆರಳು.

ಲಾಳ:
ನಾನು ಪಶುವೈದ್ಯ. ದನ, ಕುದುರೆ ನೋಡುವವನು. ಕಾಡುಪ್ರಾಣಿಗಳ ಬಗ್ಗೆ ಇಲ್ಲಿರುವವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕುದುರೆ ಪೂರ್ತಿ ಬೆವರಿನ ಮೇಲೆ ನಿಂತ ಪ್ರಾಣಿ. ಓಡಿ ಬಂದ ಕುದುರೆಯ ತೊಡೆಗಳ ನಡುವೆ, ಲಗಾಮು ಉಜ್ಜುವ ಕಡೆ ಬಿಳಿ ನೊರೆ ನೋಡಿರುತ್ತೀರಿ. ಅದರ ಬೆವರಲ್ಲಿ ಲ್ಯಾಥರಿನ್ ಅನ್ನುವ ಪ್ರೋಟೀನ್ ಇದೆ. ಕೂದಲಿಗೆ ಒಂಥರಾ ಎಣ್ಣೆ ಗುಣ, ನೀರು ಅಂಟುವುದಿಲ್ಲ. ಈ ಪ್ರೋಟೀನ್ ಬೆವರನ್ನು ಚರ್ಮದಿಂದ ಕೂದಲಿನ ತುದಿಯವರೆಗೆ ಹರಡುತ್ತದೆ, ಅಲ್ಲಿಂದ ಬೇಗ ಆವಿಯಾಗುತ್ತದೆ. ತುಪ್ಪಳ ಇಟ್ಟುಕೊಂಡೂ ಇಷ್ಟು ಚೆನ್ನಾಗಿ ಬೆವರುವ ಪ್ರಾಣಿ ಅಪರೂಪ.

ದನಗಳ ಕತೆ ಬೇರೆ. ಹೊಟ್ಟೆಯೊಳಗೆ ಮೇವು ಹುಳಿಯುವಾಗಲೇ ಸಾಕಷ್ಟು ಕಾವು ಹುಟ್ಟುತ್ತದೆ. ಹಾಗಾಗಿ ಸೆಕೆ ಏರಿದಾಗ ಮೊದಲು ಬಿಡುವುದು ಮೇವನ್ನು. ಆಮೇಲೆ ಮಲಗುವುದು ಬಿಟ್ಟು ನಿಂತೇ ಇರುತ್ತವೆ, ಗಾಳಿ ನಾಲ್ಕೂ ಕಡೆಯಿಂದ ಆಡಲಿ ಅಂತ. ಆಮೇಲೆ ಏದುಸಿರು. ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಜೊಲ್ಲು ಸುರಿಸುತ್ತಾ, ಕೊನೆಗೆ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ. ನಾಲಿಗೆ ಹೊರಗೆ ಬಂತು ಅಂದರೆ ತಡಮಾಡುವ ಹಾಗಿಲ್ಲ. ಹಿಣಿಲಿರುವ ತಳಿಗಳು ಇದನ್ನು ಜಾಸ್ತಿ ತಡೆಯುತ್ತವೆ: ಬೆವರು ಚೆನ್ನಾಗಿ ಬರುತ್ತದೆ, ಚರ್ಮ ಸಡಿಲ, ಮೈಯೊಳಗೆ ಹುಟ್ಟುವ ಕಾವೂ ಕಡಿಮೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿ ಬಹಳ ಕಡಿಮೆ. ಅದಕ್ಕೆ ನೀರಿನ ಗುಂಡಿ ಬೇಕೇ ಬೇಕು, ಇಲ್ಲದಿದ್ದರೆ ಒದ್ದಾಡಿಬಿಡುತ್ತದೆ.

ಬಿಸಿಲ್ಗುದುರೆ ಹೇಳಿದ ರಾತ್ರಿಯ ಮಾತು ದನಗಳಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಗಾಳಿಯ ಉಷ್ಣಾಂಶ ಮಧ್ಯಾಹ್ನವೇ ತುದಿ ಮುಟ್ಟುತ್ತದೆ, ದನದ ಮೈಕಾವು ತುದಿ ಮುಟ್ಟುವುದು ಅದಾದ ಎಷ್ಟೋ ಹೊತ್ತಿನ ಮೇಲೆ. ರಾತ್ರಿ ಇಳಿಯದಿದ್ದರೆ ಮರುದಿನದ ಲೆಕ್ಕ ಮೇಲಿನಿಂದಲೇ ಶುರು. ಅಮೆರಿಕದ ಕಾನ್ಸಸ್‌ನಲ್ಲಿ 2022ರ ಜೂನ್‌ನಲ್ಲಿ ಕನಿಷ್ಠ 2,000 ದನಗಳು ಸತ್ತಿದ್ದು ಹೀಗೆ. ಸೆಕೆ ದಿಢೀರ್ ಏರಿತು, ಗಾಳಿಯಲ್ಲಿ ತೇವ ಜಾಸ್ತಿ, ಬೀಸು ಕಡಿಮೆ, ರಾತ್ರಿಯೂ ತಂಪಿಲ್ಲ.

ಹುಲ್ಲುಗಾವಲು:
ಜಿಂಕೆ ಜಾತಿಯ ಪ್ರಾಣಿಗಳಿಗೆ ಮಿದುಳು ತಂಪು ಮಾಡುವ ವಿಶೇಷ ವ್ಯವಸ್ಥೆ ಇದೆ, ಮೈ ಸುಟ್ಟರೂ ಮಿದುಳು ಸುಡುವುದಿಲ್ಲ ಅಂತ ಓದಿದ್ದೆ. ನಿಜವಾ?

ಬಿಸಿಲ್ಗುದುರೆ:
ವ್ಯವಸ್ಥೆ ನಿಜ. ಅದು ಯಾತಕ್ಕೆ ಅನ್ನುವುದರಲ್ಲಿ ಮಜಾ ಇದೆ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ.

ಜಿಂಕೆ, ಕುರಿ, ದೊಡ್ಡ ಹುಲ್ಲೆಗಳಾದ ಓರಿಕ್ಸ್, ವಿಲ್ಡರ್‌ಬೀಸ್ಟ್ ಇವುಗಳಲ್ಲಿ ಮಿದುಳಿಗೆ ಹೋಗುವ ಅಪಧಮನಿ ತಲೆಬುರುಡೆಯ ತಳದಲ್ಲಿ ನೂಲಿನಂಥ ನಾಳಗಳಾಗಿ ಕವಲೊಡೆಯುತ್ತದೆ. ಈ ಜಾಲ ಮೂಗಿನಿಂದ ವಾಪಸ್ ಬರುವ ತಂಪು ರಕ್ತದ ಮಡುವಿನಲ್ಲಿ ಮುಳುಗಿರುತ್ತದೆ. ಉಸಿರಾಡುವಾಗ ಮೂಗಿನ ಒದ್ದೆ ಗೋಡೆ ತಣ್ಣಗಾಗುತ್ತದಲ್ಲ, ಆ ತಂಪು ಇಲ್ಲಿಗೆ ಬರುತ್ತದೆ. ಮಿದುಳಿಗೆ ಹೊರಟ ಬಿಸಿ ರಕ್ತ ಜಾಲ ದಾಟುವಷ್ಟರಲ್ಲಿ ತುಸು ತಣ್ಣಗಾಗಿರುತ್ತದೆ.

1960ರ ದಶಕದಲ್ಲಿ ಸಿ. ಆರ್. ಟೇಲರ್ ಆಫ್ರಿಕಾದ ಓರಿಕ್ಸ್, ಗೆಜೆಲ್‌ಗಳನ್ನು ಬಿಸಿ ಕೋಣೆಯಲ್ಲಿಟ್ಟು ನೋಡಿದಾಗ ಮೈಕಾವು 45 ಡಿಗ್ರಿವರೆಗೂ ಏರಿತು. ಮಿದುಳನ್ನು ಈ ಜಾಲ ಕಾಪಾಡುತ್ತಿರಬೇಕು ಅನ್ನುವ ವಿವರಣೆ ಆಗ ಹುಟ್ಟಿತು. ಕೇಳಲು ಚೆನ್ನಾಗಿದೆ, ಇವತ್ತಿಗೂ ಎಷ್ಟೋ ಕಡೆ ಹಾಗೇ ಬರೆಯುತ್ತಾರೆ.

ಆಮೇಲೆ ಸಂಶೋಧಕರು ಮೈಯೊಳಗೂ ಮಿದುಳಲ್ಲೂ ಪುಟ್ಟ ಅಳತೆ ಉಪಕರಣ ಇಟ್ಟು, ಪ್ರಾಣಿಗಳನ್ನು ಬಯಲಿಗೆ ಬಿಟ್ಟರು. ಕಪ್ಪು ವಿಲ್ಡರ್‌ಬೀಸ್ಟ್‌ಗಳ ಮೇಲೆ ಮಾಡಿದ ಅಂಥ ಕೆಲಸ 1994ರಲ್ಲಿ ಪ್ರಕಟವಾಯಿತು. ಪ್ರಾಣಿ ಜೀವಭಯದಿಂದ ಓಡುವಾಗ, ಅಂದರೆ ಮೈ ಅತಿ ಬಿಸಿಯಾದ ಹೊತ್ತಿನಲ್ಲಿ, ಮಿದುಳು ತಂಪು ಮಾಡುವ ಕೆಲಸವೇ ನಿಂತುಹೋಗಿತ್ತು! ನೆಮ್ಮದಿಯಾಗಿ ಬಿಸಿಲಲ್ಲಿ ನಿಂತಿದ್ದಾಗ ನಡೆಯುತ್ತಿತ್ತು. ಕಾಪಾಡಲು ಇರುವ ಸಾಧನ ಅಪಾಯದ ಹೊತ್ತಲ್ಲೇ ಕೈಕೊಡುತ್ತದೆ ಅಂದರೆ ಅದರ ಕೆಲಸ ಬೇರೇನೋ ಇರಬೇಕಲ್ಲ?

ಮೈಕಾವು ನೋಡಿ ಬೆವರು, ಏದುಸಿರಿಗೆ ಆಜ್ಞೆ ಕೊಡುವ ಕೇಂದ್ರ ಇರುವುದು ಮಿದುಳಲ್ಲೇ. ಮಿದುಳನ್ನು ತುಸು ತಂಪಾಗಿಟ್ಟರೆ ಆ ಕೇಂದ್ರಕ್ಕೆ ಸೆಕೆ ಅಷ್ಟಾಗಿ ತಟ್ಟುವುದಿಲ್ಲ, ಬೆವರಲು ಹೇಳುವುದಿಲ್ಲ. ಮೈ ಬಿಸಿಯಾಗುತ್ತದೆ, ನೀರು ಉಳಿಯುತ್ತದೆ. ಈಗ ಈ ವಿಷಯದಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಇದನ್ನೇ ಒಪ್ಪುತ್ತಾರೆ. ಕುದುರೆಗೆ ಈ ಜಾಲ ಇಲ್ಲ. ಲಾಳ ಹೇಳಿದಂತೆ ಅದು ಧಾರಾಳವಾಗಿ ಬೆವರುತ್ತದೆ, ಧಾರಾಳವಾಗಿ ಕುಡಿಯುತ್ತದೆ.

ತರ್ಲೆ:
ಎಲ್ಲ ಚೆನ್ನಾಗಿದೆ. ಆದರೆ ಹಿಮಯುಗ ಬಂತು, ಹೋಯಿತು. ಮರುಭೂಮಿ ಹಸಿರಾಯಿತು, ಮತ್ತೆ ಒಣಗಿತು. ಇವು ಉಳಿದುಕೊಂಡವು. ಈಗ ಒಂದೆರಡು ಡಿಗ್ರಿಗೆ ಇಷ್ಟು ಗಾಬರಿ ಯಾಕೆ? ಸುಮ್ನೆ ಹೆದರಿಸುವುದು ಅನ್ನಿಸುತ್ತದೆ.

ಕಾಡಂಚು:
ಆಗೆಲ್ಲ ಬೇಲಿ ಇರಲಿಲ್ಲ ತರ್ಲೆಯವರೇ. ಒಣಗಿದರೆ ಎದ್ದು ನಡೆಯುತ್ತಿದ್ದವು. ಬೋಟ್ಸ್ವಾನಾದಲ್ಲಿ ದನಗಳ ರೋಗ ತಡೆಯಲು 1950ರ ದಶಕದಿಂದ ಉದ್ದುದ್ದ ಬೇಲಿ ಹಾಕಿದರು. 1980ರ ದಶಕದ ಬರದಲ್ಲಿ ಅಲ್ಲಿನ ಕಲಹಾರಿ ಮರುಭೂಮಿಯ ವಿಲ್ಡರ್‌ಬೀಸ್ಟ್‌ಗಳು ನೀರು ಹುಡುಕಿ ಹೊರಟು, ಬೇಲಿ ದಾಟಲಾಗದೆ ಸಾವಿರ ಸಾವಿರ ಸತ್ತವು. ಅವನ್ನು ಕೊಂದದ್ದು ಬರವೋ ಬೇಲಿಯೋ ನೀವೇ ಹೇಳಿ.

ಬಿಸಿಲ್ಗುದುರೆ:
ವೇಗವನ್ನೂ ನೋಡಿ. ಆನೆ 22 ತಿಂಗಳು ಗರ್ಭ ಹೊರುತ್ತದೆ, ನಾಲ್ಕೈದು ವರ್ಷಕ್ಕೊಂದು ಮರಿ. ಇಂಥ ಪ್ರಾಣಿಯ ಮೈ ತಲೆಮಾರುಗಳ ಮೇಲೆ ಬದಲಾಗಲು ನೂರಾರು ವರ್ಷ ಸಾಲದು. ಅದರ ಕೈಲಿರುವುದು ನಡವಳಿಕೆ ಬದಲಿಸುವುದು ಮಾತ್ರ.

ಸೈಗಾ ಅನ್ನುವ ಹುಲ್ಲೆಯನ್ನು ಹೋಲಿಸಿ. 2015ರ ಮೇ ತಿಂಗಳಲ್ಲಿ, ಮರಿ ಹಾಕುವ ಕಾಲಕ್ಕೆ, ಕಜಾಕಿಸ್ತಾನದಲ್ಲಿ ಕೆಲವೇ ವಾರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಸೈಗಾ ಸತ್ತವು. ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅವುಗಳ ಮೈಯಲ್ಲಿ ಮಾಮೂಲಾಗಿ ತೆಪ್ಪಗೆ ಇರುತ್ತದೆ. ಆ ದಿನಗಳಲ್ಲಿ ವಾಡಿಕೆಗಿಂತ ಜಾಸ್ತಿ ಸೆಕೆ, ಜಾಸ್ತಿ ತೇವ ಇತ್ತು. ಬ್ಯಾಕ್ಟೀರಿಯಾ ರಕ್ತಕ್ಕಿಳಿಯಿತು. ಹಿಂಡಿಗೆ ಹಿಂಡೇ ಹುಲ್ಲಿನ ಮೇಲೆ ಬಿದ್ದವು. ಆದರೆ ಸೈಗಾ ಒಂದೇ ವರ್ಷಕ್ಕೆ ಮರಿ ಹಾಕಲು ಶುರು ಮಾಡುತ್ತದೆ, ಎಷ್ಟೋ ಸಲ ಅವಳಿ. ಕಳ್ಳಬೇಟೆಯೂ ಹಿಡಿತಕ್ಕೆ ಬಂತು. 2023ರ ಕೊನೆಗೆ ಅದನ್ನು ಅಳಿವಿನ ಅತಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಿಂದ ಕೆಳಗಿಳಿಸಿದರು. ಅಂಥ ಹೊಡೆತ ಆನೆಗೆ ಬಿದ್ದರೆ ಎಂಟು ವರ್ಷದಲ್ಲಿ ಎದ್ದು ನಿಲ್ಲುವ ಮಾತೇ ಇಲ್ಲ.

ಮಂಜುಗಡ್ಡೆ:
ಬಿಸಿ ನಾಡುಗಳ ಬಗ್ಗೆಯೇ ಮಾತಾಯಿತು. ಚಳಿ ನಾಡಿನ ಪ್ರಾಣಿಗಳಿಗೆ ಸೆಕೆ ಅಂದರೆ ಏನು ಗೊತ್ತಾ? ಮೂಸ್ ಅನ್ನುವ ಭಾರೀ ಜಿಂಕೆಗೆ ಬೇಸಿಗೆಯಲ್ಲಿ 14 ಡಿಗ್ರಿ ದಾಟಿದರೆ ಕಷ್ಟ ಶುರು. ಚಳಿಗಾಲದ ತುಪ್ಪಳದಲ್ಲಿದ್ದಾಗ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದರೂ ಅದಕ್ಕೆ ಸೆಕೆ! ಅಮೆರಿಕದ ಈಶಾನ್ಯದಲ್ಲಿ ಅದನ್ನು ನೇರವಾಗಿ ಕೊಲ್ಲುತ್ತಿರುವುದು ಉಣ್ಣಿ. ಚಳಿ ತಡವಾಗಿ ಬಂದು ಬೇಗ ಹೋಗುವುದರಿಂದ ಉಣ್ಣಿಗಳಿಗೆ ಹತ್ತಿಕೊಳ್ಳಲು ಸಮಯ ಜಾಸ್ತಿ. ಒಂದು ಮರಿಯ ಮೈಮೇಲೆ ಹತ್ತಾರು ಸಾವಿರ ಉಣ್ಣಿ. ಉಜ್ಜಿ ಉಜ್ಜಿ ತುಪ್ಪಳ ಕಿತ್ತು, ರಕ್ತ ಬತ್ತಿ, ಚಳಿಗಾಲದ ಕೊನೆಗೆ ಬೀಳುತ್ತವೆ.

ಹಿಮಸಾರಂಗದ್ದು ಇನ್ನೊಂದು ಥರ. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದರೆ ಕೆಳಗಿನ ಮೇವು ಕಲ್ಲಿನಡಿ ಸೇರಿದ ಹಾಗೆ. ರಷ್ಯಾದ ಯಮಾಲ್‌ನಲ್ಲಿ 2013ರ ನವೆಂಬರ್‌ನಲ್ಲಿ ಹಾಗಾಗಿ ಸುಮಾರು 61,000 ಸಾರಂಗ ಹಸಿವಿನಿಂದ ಸತ್ತವು.

ನೀರಲ್ಲಿದ್ದರೆ ಬಚಾವ್ ಅಂದುಕೊಳ್ಳಬೇಡಿ. 2023ರ ಬರದಲ್ಲಿ ಬ್ರೆಜಿಲ್‌ನ ಟೆಫೆ ಸರೋವರ ತಗ್ಗಿ ತಗ್ಗಿ, ನೀರು 39 ಡಿಗ್ರಿ ದಾಟಿತು. 100ಕ್ಕೂ ಹೆಚ್ಚು ಡಾಲ್ಫಿನ್‌ಗಳು ಸತ್ತವು. ಸುತ್ತಲಿನ ನೀರೇ ಮೈಗಿಂತ ಬಿಸಿಯಾದರೆ ಡಾಲ್ಫಿನ್‌ಗೆ ಬೆವರೂ ಇಲ್ಲ, ಕಾವು ಬಿಡಲು ದಾರಿಯೂ ಇಲ್ಲ.

ತರ್ಲೆ:
ಬೇಲಿಯ ವಿಷಯ ಒಪ್ಪಿದೆ. ಆದರೆ ನೀವೇ ಹೇಳಿದಿರಿ, ನಡವಳಿಕೆ ಬದಲಿಸಬಹುದು ಅಂತ. ಹಗಲು ಬಿಸಿಯಾದರೆ ರಾತ್ರಿ ಮೇಯಲಿ.

ಬಿಸಿಲ್ಗುದುರೆ:
ಮಾಡುತ್ತವೆ. ಅರೇಬಿಯದ ಓರಿಕ್ಸ್ ಬೇಸಿಗೆಯಲ್ಲಿ ಹಗಲೆಲ್ಲ ಮರದಡಿ ಮಲಗಿ ರಾತ್ರಿ ಮೇಯುತ್ತದೆ. ಆಲ್ಪ್ಸ್‌ನ ಐಬೆಕ್ಸ್ ಆಡುಗಳೂ ಬಿಸಿ ದಿನಗಳಲ್ಲಿ ರಾತ್ರಿ ಜಾಸ್ತಿ ಓಡಾಡುತ್ತವೆ, ತೋಳ ಇರುವ ಕಡೆಯೂ. ಆದರೆ ರಾತ್ರಿ ಬೇಟೆಗಾರರದ್ದು. ಕತ್ತಲಲ್ಲಿ ಕಡಿದಾದ ಬಂಡೆ ಹತ್ತುವುದೂ ಸುಲಭವಲ್ಲ.

ಇದಕ್ಕೆ ಉಲ್ಟಾ ಒಂದು ಉದಾಹರಣೆ ಇದೆ, ನನಗೆ ಬಹಳ ಕಾಡಿದ್ದು. ಕಲಹಾರಿಯ ಆರ್ಡ್‌ವಾರ್ಕ್ ರಾತ್ರಿ ಸಂಚಾರಿ, ಇರುವೆ ಗೆದ್ದಲು ತಿಂದು ಬದುಕುವುದು. ಹಗಲಿಡೀ ಬಿಲದಲ್ಲಿ, ಬಿಸಿಲಿನ ಗೊಡವೆಯೇ ಇಲ್ಲ. 2012-13ರ ಬರದಲ್ಲಿ ಗೆದ್ದಲು ಸಿಗಲಿಲ್ಲ. ಹೊಟ್ಟೆಗಿಲ್ಲದೆ ಮೈಕಾವು ಕಾಯ್ದುಕೊಳ್ಳಲಾಗದೆ, ಕೆಲವದರ ಮೈಕಾವು 25 ಡಿಗ್ರಿಗೆ ಇಳಿಯಿತು. ಬಿಸಿಲು ಕಾಯಿಸಿಕೊಳ್ಳಲು ಹಗಲು ಹೊರಗೆ ಬಂದವು. ಉಪಕರಣ ಹಾಕಿದ್ದ ಆರರಲ್ಲಿ ಐದು ಸತ್ತವು. ಬಿಸಿ ಬೇಸಿಗೆಯಲ್ಲಿ, ಮೈ ತಣ್ಣಗಾಗಿ.

ಲಾಳ:
ಅಂದರೆ ಸೆಕೆಯಿಂದ ಸತ್ತದ್ದೆಷ್ಟು ಅಂತ ಎಣಿಸಲು ಹೋದರೆ ಇಂಥವೆಲ್ಲ ಲೆಕ್ಕಕ್ಕೇ ಸಿಗುವುದಿಲ್ಲ.

ಬಿಸಿಲ್ಗುದುರೆ:
ಹೌದು. ಕೀನ್ಯಾದಲ್ಲಿ 2022ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ ಬರದಲ್ಲಿ 205 ಆನೆ, 512 ವಿಲ್ಡರ್‌ಬೀಸ್ಟ್ ಸತ್ತವು ಅಂತ ಸರ್ಕಾರದ ಲೆಕ್ಕ. ಅವು ಸತ್ತದ್ದು ನೀರು, ಮೇವು ಇಲ್ಲದೆ.

ಹುಲ್ಲುಗಾವಲು:
ಹಾಗಾದರೆ ಕಾಡಲ್ಲಿ ಅಲ್ಲಲ್ಲಿ ಕೊಳವೆಬಾವಿ ಕೊರೆದು ನೀರಿನ ತೊಟ್ಟಿ ಇಟ್ಟರೆ ಮುಗೀತಲ್ಲ?

ಕಾಡಂಚು:
ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಅದನ್ನೇ ಮಾಡಿದರು. ನೂರಾರು ಕಡೆ ನೀರು ಇಟ್ಟರು. ಒಣ ಉತ್ತರ ಭಾಗಕ್ಕೆ ಜೀಬ್ರಾ, ವಿಲ್ಡರ್‌ಬೀಸ್ಟ್ ನುಗ್ಗಿದವು. ಅವುಗಳ ಹಿಂದೆ ಸಿಂಹ ಬಂದವು. ಅಲ್ಲಿ ಮೊದಲಿನಿಂದ ತಮ್ಮ ಪಾಡಿಗಿದ್ದ ರೋನ್ ಹುಲ್ಲೆಗಳು ನಡುವೆ ಸಿಕ್ಕಿಹಾಕಿಕೊಂಡವು. 1986ರಲ್ಲಿ ಸುಮಾರು 450 ಇದ್ದವು 1993ಕ್ಕೆ 45ರ ಹತ್ತಿರ ಬಂದವು. ಆಮೇಲೆ ಎಷ್ಟೋ ನೀರಿನ ತಾಣ ಮುಚ್ಚಿದರು. ನೀರಿನ ಸುತ್ತ ಹುಲ್ಲು ಸವೆಯುವುದು ಬೇರೆ. ಬಾಯಾರಿಕೆ ನೀಗಿಸಿ ಹಸಿವಿಗೆ ಬಿಟ್ಟ ಹಾಗೆ ಆಗುತ್ತದೆ.

ಲಾಳ:
ನಾನು ಪೂರ್ತಿ ಒಪ್ಪಲಾರೆ. ಬೇಲಿಯೊಳಗೆ ಕೂಡಿಹಾಕಿ, ಹಳೇ ನದಿಯ ದಾರಿಯನ್ನೂ ಮುಚ್ಚಿಬಿಟ್ಟ ಮೇಲೆ ನೀರು ಕೊಡದೆ ನೋಡುತ್ತಾ ಕೂರುವುದು ಹೇಗೆ? ಚಿಕ್ಕ ಕಾಡುಗಳಲ್ಲಿ ತೊಟ್ಟಿ ಇಡಲೇಬೇಕಾಗುತ್ತದೆ.

ಕಾಡಂಚು:
ಚಿಕ್ಕ ಕಾಡಿಗೆ ಸರಿ. ದೊಡ್ಡ ಬಯಲಲ್ಲಿ ಮೊದಲು ದಾರಿ ಬಿಡಿಸಬೇಕು ಅನ್ನುವುದು ನನ್ನ ವಾದ. ಯಾಕೆ ಅಂದರೆ ದಾರಿ ಗೊತ್ತಿರುವ ಪ್ರಾಣಿ ಇನ್ನೂ ಇವೆ. ಟಾಂಜಾನಿಯಾದ ತರಂಗಿರೆ ರಾಷ್ಟ್ರೀಯ ಉದ್ಯಾನದಲ್ಲಿ 1993ರ ಬರದಲ್ಲಿ 81 ಆನೆಮರಿಗಳಲ್ಲಿ 16 ಸತ್ತವು. ಹಳೇ ಹೆಣ್ಣಾನೆಗಳಿದ್ದ ಗುಂಪುಗಳು ಉದ್ಯಾನ ಬಿಟ್ಟು ಹೊರಗೆ ಹೋದವು. 1950ರ ದಶಕದ ಕೊನೆಯ ಬರ ಕಂಡಿದ್ದ ಅಜ್ಜಿಯರು ಅವು. ಅಲ್ಲೇ ಉಳಿದ ಗುಂಪಿನ ಹಿರಿಯ ಹೆಣ್ಣಾನೆಗಳನ್ನು ದಂತಕ್ಕಾಗಿ ಮೊದಲೇ ಕೊಂದಿದ್ದರು. ಸತ್ತ ಮರಿಗಳಲ್ಲಿ ಹೆಚ್ಚಿನವು ಆ ಗುಂಪಿನವು.

ಹೊಸಬ:
ದಾರಿ ಬಿಡಿಸುವ ಕೆಲಸ ಎಲ್ಲಾದರೂ ನಡೆದಿದೆಯಾ?

ಕಾಡಂಚು:
ದೊಡ್ಡದು ಕಾಜಾ, ಅಂದರೆ ಕವಾಂಗೊ-ಜಾಂಬೆಜಿ ನದಿಗಳ ಸುತ್ತಲಿನ, ದೇಶಗಳ ಗಡಿ ದಾಟಿದ ಸಂರಕ್ಷಣಾ ಪ್ರದೇಶ. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಐದೂ ದೇಶ ಸೇರಿ 2011ರಲ್ಲಿ ಸಹಿ ಹಾಕಿದವು. ಸುಮಾರು 5 ಲಕ್ಷ 20 ಸಾವಿರ ಚದರ ಕಿಲೋಮೀಟರ್. 2022ರ ಎಣಿಕೆಯಲ್ಲಿ ಅಲ್ಲಿ 2 ಲಕ್ಷಕ್ಕೂ ಹೆಚ್ಚು ಆನೆ ಸಿಕ್ಕವು. ಕಾಗದದ ಮೇಲೆ ಒಂದೇ ನಾಡು, ಒಳಗೆ ಬೇಲಿಗಳು ಪೂರ್ತಿ ಹೋಗಿಲ್ಲ. ಯಾವ ಬೇಲಿ ಎಲ್ಲಿ ತೆಗೆಯಬೇಕು ಅನ್ನುವುದಕ್ಕೆ ದನಗಳ ಕಾಲುಬಾಯಿ ಜ್ವರದ ಲೆಕ್ಕ ಅಡ್ಡ ಬರುತ್ತದೆ. ಅದರ ಬಗ್ಗೆ ಲಾಳ ಹೇಳಿದರೆ ಚೆನ್ನ.

ಲಾಳ:
ಅಲ್ಲಿ ಕಾಡೆಮ್ಮೆಗಳೇ ಆ ರೋಗದ ವೈರಸ್ ಇಟ್ಟುಕೊಂಡಿರುತ್ತವೆ, ಅವಕ್ಕೇನೂ ಆಗುವುದಿಲ್ಲ. ದನಗಳಿಗೆ ಹತ್ತಿದರೆ ಮಾಂಸ ರಫ್ತು ನಿಲ್ಲುತ್ತದೆ, ಬೇಲಿ ಹುಟ್ಟಿದ್ದೇ ಅದಕ್ಕೆ. ಈಗ ಇಡೀ ಪ್ರದೇಶ ರೋಗಮುಕ್ತವಾಗಿರಬೇಕು ಅನ್ನುವ ಬದಲು, ಲಸಿಕೆ ಹಾಕಿ, ಮೂಳೆ ಮತ್ತು ದುಗ್ಧರಸ ಗ್ರಂಥಿ ತೆಗೆದು, ಮಾಂಸವನ್ನು ಹದಮಾಡಿ ಮಾರಬಹುದು ಅನ್ನುವ ದಾರಿಗೆ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಜಾಗ ಸಿಕ್ಕಿದೆ. ಅದನ್ನು ಕೊಳ್ಳುವ ದೇಶಗಳು ಒಪ್ಪಿದ ಕಡೆ ಬೇಲಿ ತೆಗೆಯಿರಿ ಅಂತ ದನ ಸಾಕುವವನನ್ನು ಕೇಳಬಹುದು. ಒಪ್ಪದ ಕಡೆ ಅವನು ಯಾಕೆ ಬಿಡುತ್ತಾನೆ?